ರಾಮಥಾಳದ ತುಲನಾಚಾರ್ಯರು

ಚಿತ್ರ ತೆಗೆಯುವವರು ಒಂದು ವರ್ಗ, ತೆಗೆಸಿಕೊಳ್ಳುವವರು ಇನ್ನೊಂದು ವರ್ಗ, ಇವೆರಡರಲ್ಲಿಯೇ ಛಾಯಾಗ್ರಹಣದ ಪ್ರಪಂಚವು ಪರಿಸಮಾಪ್ತವಾಗುತ್ತದೆಂದು ನಾವು ಬಹುಕಾಲ ನಂಬಿಕೊಂಡು ಬಂದೆವಷ್ಟೆ. ಆದರೆ ತಾವೂ ತೆಗೆಯದೆ, ಅನ್ಯರಿಂದಲೂ ತೆಗೆಸಿಕೊಳ್ಳದೆ, ಯಾವ ಯಂತ್ರದಿಂದ ತೆಗೆದರೆ ಯಾವ ವಸ್ತು ಹೇಗೆ ಮೂಡೀತೆಂಬ ವಿಚಾರದಲ್ಲಿಯೇ ಆಯುಷ್ಯದ ಉತ್ತಮಾಂಶವನ್ನು ವಿನಿಯೋಗಿಸುವ ಮೂರನೆಯ ವರ್ಗವೊಂದು, ಕ್ಯಾಮರಾದ ಉದರದಲ್ಲಿದ್ದ ಕನ್ನಡಿಯನ್ನು ಕಿತ್ತುಹಾಕಿದ ಮಿರರ್‌ಲೆಸ್ ಯಂತ್ರಗಳು 2013ರಲ್ಲಿ ಸೋನಿಯವರಿಂದಲೂ 2018ರಲ್ಲಿ ಕೆನಾನ್, ನಿಕಾನ್ ಸಂಸ್ಥೆಗಳವರಿಂದಲೂ ಪೂರ್ಣ ಚೌಕಟ್ಟಿನ ಗಾತ್ರದಲ್ಲಿ ಪೇಟೆಗೆ ಬಂದ ಮೇಲೆ, ನಾಡಿನ ಉದ್ದಗಲಕ್ಕೂ ಹಬ್ಬಿಕೊಂಡಿದೆ. ಬೆಂಗಳೂರಿನಲ್ಲಿ ಇಂಥವರು ಬೀದಿಗೊಬ್ಬರಿದ್ದಾರು. ನಾನು ಹತ್ತಿರದಿಂದ ಬಲ್ಲವರು ಹುನಗುಂದ ಸೀಮೆಯ ರಾಮಥಾಳದವರು. ಅವರ ನಾಮಧೇಯವನ್ನು ಇಲ್ಲಿ ಪ್ರಕಟಿಸುವುದು ಉಚಿತವಲ್ಲ. ಊರವರು ಅವರನ್ನು ‘ಕ್ಯಾಮರಾ ಸರ’ ಎಂದು ಕರೆಯುತ್ತಾರೆ. ಅವರ ವಿದ್ವತ್ತಿಗೆ ಅದು ಸಾಲದೆಂದು ನಾನು ‘ತುಲನಾಚಾರ್ಯರು’ ಎಂಬ ಬಿರುದನ್ನು ಕೊಟ್ಟಿದ್ದೇನೆ.

ಆಚಾರ್ಯರು ವೃತ್ತಿಯಿಂದ ಶಿಕ್ಷಕರು. ಪಿತ್ರಾರ್ಜಿತವಾದ ಎರೆಹೊಲವೂ ಉಂಟು. ರಾಮಥಾಳದ ಹೆಸರನ್ನು ಹೊರಗಿನವರು ಕೇಳಿರುವುದು ಹನಿ ನೀರಾವರಿಯಿಂದ: ನಾರಾಯಣಪುರ ಜಲಾಶಯದ ನೀರನ್ನು ಎತ್ತಿ, ಕೊಳವೆಗಳಲ್ಲಿ ಹರಿಯಿಸಿ, ಸುಮಾರು 24,000 ಹೆಕ್ಟೇರು ಭೂಮಿಗೆ ತೊಟ್ಟುತೊಟ್ಟಾಗಿ ಉಣಿಸಬೇಕೆಂದು ಹೊರಟ ಆ ದೊಡ್ಡ ಯೋಜನೆ ಈ ಊರಿನ ಹೆಸರನ್ನೇ ಹೊತ್ತಿದೆ. ಆದರೆ ಬೆಳೆಗೆ ನೀರು ತೊಟ್ಟಿಕ್ಕುವ ಈ ಊರಿನಲ್ಲಿ ಆಚಾರ್ಯರ ವಾಗ್ಝರಿ ಮಾತ್ರ ಹಳೆಯ ಕಾಲದ ಹರಿನೀರಿನ ಪದ್ಧತಿಯದು. ಒಮ್ಮೆ ಒಡ್ಡು ಒಡೆಯಿತೆಂದರೆ ಎದುರಿಗೆ ಕುಳಿತವನ ಬೇರು ಕೊಳೆಯುವವರೆಗೆ ನಿಲ್ಲುವುದಿಲ್ಲ. ಕ್ಯಾಮರಾ ಒಂದನ್ನು ಕೊಳ್ಳುವುದಂತೂ ನಿಶ್ಚಯ, ಅದರಲ್ಲಿ ಅವರಿಗೆ ಸಂದೇಹವಿಲ್ಲ. ಉಳ್ಳಾಗಡ್ಡಿಗೆ ಬೆಲೆ ಬರಬೇಕು, ಅಷ್ಟೆ. ಬೆಲೆ ಬಂದ ವರ್ಷ ಯಾವುದನ್ನು ಕೊಳ್ಳಬೇಕೆಂಬುದು ಇತ್ಯರ್ಥವಾಗಿರುವುದಿಲ್ಲ, ಇತ್ಯರ್ಥವಾಗುವ ಹೊತ್ತಿಗೆ ಬೆಲೆ ಬಿದ್ದಿರುತ್ತದೆ.

ಅವರ ವ್ಯಾಸಂಗಕ್ಕೆ ವಿಷಯವಾದ ಯಂತ್ರಗಳು ಎರಡೇ: ಸೋನಿ ಎ7ಆರ್ ಐದನೆಯ ಆವೃತ್ತಿ ಒಂದು, ಕೆನಾನ್ ಆರ್6 ಎರಡನೆಯ ಆವೃತ್ತಿ ಇನ್ನೊಂದು. 2022ರ ಅಕ್ಟೋಬರಿನ ಕೊನೆಗೆ ಮೊದಲನೆಯದೂ ನವೆಂಬರಿನ ಆರಂಭಕ್ಕೆ ಎರಡನೆಯದೂ, ಒಂದೇ ವಾರದ ಅಂತರದಲ್ಲಿ ಲೋಕಕ್ಕೆ ಪ್ರಕಟವಾದುವು. ಅಂದಿನಿಂದ ಆಚಾರ್ಯರಿಗೆ ನಿದ್ರೆಯಿಲ್ಲ. ಮೊದಲನೆಯದರ ಸಂವೇದಕದಲ್ಲಿ 6 ಕೋಟಿ 10 ಲಕ್ಷ ಚಿತ್ರಬಿಂದುಗಳು, ಎರಡನೆಯದರಲ್ಲಿ 2 ಕೋಟಿ 42 ಲಕ್ಷ. ಮೊದಲನೆಯದು ಸೆಕೆಂಡಿಗೆ 10 ಚಿತ್ರಗಳ ಗಂಭೀರ ಗತಿಯದು, ಎರಡನೆಯದು ಯಾಂತ್ರಿಕ ಕವಾಟದಿಂದ, ಅಂದರೆ ಶಟರಿನಿಂದ, 12, ವಿದ್ಯುನ್ಮಾನ ಕವಾಟದಿಂದ 40 ಚಿತ್ರಗಳನ್ನು ಉದುರಿಸುವ ಚಪಲಪ್ರಕೃತಿಯದು. ಇಷ್ಟನ್ನು ಕೇಳಿದ ಪಾಮರನು, ನಿಂತದ್ದಕ್ಕೆ ಮೊದಲನೆಯದು, ಓಡುವುದಕ್ಕೆ ಎರಡನೆಯದು ಎಂದು ಅರ್ಧ ನಿಮಿಷದಲ್ಲಿ ತೀರ್ಮಾನಿಸಿ, ಚಹಾ ಕುಡಿದು ಎದ್ದು ಹೋಗುತ್ತಾನೆ. ಆಚಾರ್ಯರ ಮೀಮಾಂಸೆ ಪ್ರಾರಂಭವಾಗುವುದೇ ಅಲ್ಲಿಂದ.

ಯಾವುದು ನಿಂತದ್ದು, ಯಾವುದು ಓಡುವುದು? ಐಹೊಳೆಯ ದುರ್ಗದ ಗುಡಿ ನಿಂತದ್ದೆಂಬುದು ಸರ್ವಸಮ್ಮತ. ಅದರ ಹಿಂಭಾಗದ ಅರ್ಧವರ್ತುಲದ ಪ್ರದಕ್ಷಿಣಾಪಥದಲ್ಲಿ ಕಂಬದಿಂದ ಕಂಬಕ್ಕೆ ನೆರಳು ಸರಿಯುವುದನ್ನು ಹಿಡಿಯಲು ಆರು ಕೋಟಿ ಬಿಂದುಗಳಿದ್ದರೆ ಒಳ್ಳೆಯದೇ. ಅಲ್ಲಿಯ ಮೇಗುತಿ ಗುಡಿಯ ಹೊರಗೋಡೆಯಲ್ಲಿ ರವಿಕೀರ್ತಿಯು 634ರಲ್ಲಿ ಕೆತ್ತಿಸಿದ ಶಾಸನದ ಅಕ್ಷರಗಳೂ ಎಲ್ಲಿಗೂ ಓಡಿಹೋಗಿಲ್ಲ. ಆದರೆ ಬಾದಾಮಿಯ ಬನಶಂಕರಿಯ ತೇರು? ಅದು ಚಲಿಸುತ್ತದೆ, ಆದಕಾರಣ ಕೆನಾನಿನ ಪಾಲಿಗೆ ಸಲ್ಲತಕ್ಕದ್ದು. ಆದರೆ ಅದು ಗಾಲಿಗಳ ಮೇಲೆ ನಿಂತ ದೇವಾಲಯವೂ ಹೌದು, ಆದಕಾರಣ ಸೋನಿಗೂ ಸಲ್ಲತಕ್ಕದ್ದು. ‘ತೇರು ಸ್ಥಾವರವೇನ್ರಿ, ಜಂಗಮವೇನ್ರಿ?’ ಎಂದು ಆಚಾರ್ಯರು ಕೇಳಿದ ಪ್ರಶ್ನೆಗೆ, ಕೂಡಲಸಂಗಮ ಅಷ್ಟು ಸಮೀಪದಲ್ಲಿದ್ದರೂ, ಚಹಾದಂಗಡಿಯಲ್ಲಿ ಕುಳಿತಿದ್ದವರಲ್ಲಿ ಒಬ್ಬರೂ ಉತ್ತರ ಕೊಡಲಾರದೆ ಹೋದರು.

ಇದಲ್ಲದೆ ಸೋನಿಯ ಯಂತ್ರಕ್ಕೆ ಒಂದು ಸಿದ್ಧಿಯುಂಟು. ಸಂವೇದಕವನ್ನು ಕೂದಲೆಳೆಗಿಂತ ಸೂಕ್ಷ್ಮವಾಗಿ ಅತ್ತಿತ್ತ ಸರಿಸುತ್ತ 16 ಚಿತ್ರಗಳನ್ನು ತೆಗೆದು, ಆಮೇಲೆ ಅವನ್ನು ಗಣಕಯಂತ್ರದಲ್ಲಿ ಕೂಡಿಸಿದರೆ, ಒಂದೇ ಚಿತ್ರದಲ್ಲಿ 24 ಕೋಟಿ ಬಿಂದುಗಳು ದೊರೆಯುತ್ತವೆ. ಬಾದಾಮಿಯ ಮೂರನೆಯ ಗುಹೆ, ಅಂದರೆ ಮಂಗಲೇಶನು 578ರಲ್ಲಿ ಸಿದ್ಧಪಡಿಸಿದ ಆ ವೈಷ್ಣವ ಗುಹೆಯ ಒಳಗಿನ ಅನಂತಾಸನ ವಿಷ್ಣುವನ್ನು ಹೀಗೆ ಹಿಡಿಯಬೇಕೆಂಬುದು ಆಚಾರ್ಯರ ಬಹುದಿನದ ಸಂಕಲ್ಪ. ಇದಕ್ಕೆ ಯಂತ್ರವು ಅಲುಗಕೂಡದು. ಅಲುಗದಿರಬೇಕಾದರೆ ಮುಕ್ಕಾಲಿ ಬೇಕು. ಪುರಾತತ್ತ್ವ ಇಲಾಖೆಯ ಸ್ಮಾರಕಗಳೊಳಗೆ ಮುಕ್ಕಾಲಿಯನ್ನು ಊರಲು ಅನುಮತಿ ಬೇಕು. ಆಚಾರ್ಯರು ವಿನಯಪೂರ್ವಕವಾದ ಅರ್ಜಿಯೊಂದನ್ನು ಬರೆಯಲು ಕುಳಿತರು. ಉದ್ದೇಶವನ್ನು ವಿವರಿಸಿದರು, ಗುಹೆಯ ಸಂಖ್ಯೆಯನ್ನು ನಮೂದಿಸಿದರು. ಯಾವ ಯಂತ್ರದಿಂದ ತೆಗೆಯಲಾಗುವುದೆಂದು ಬರೆಯಬೇಕಾದ ಸ್ಥಳಕ್ಕೆ ಬರುತ್ತಲೇ ಲೇಖನಿ ನಿಂತಿತು. ಆ ಅರ್ಜಿ ಇಂದಿಗೂ ಅವರ ಮೇಜಿನ ಸೆಳೆಖಾನೆಯಲ್ಲಿ ಅಪೂರ್ಣಾವಸ್ಥೆಯಲ್ಲಿದೆ.

ಒಂದು ವರ್ಷ ಬನಶಂಕರಿಯ ಜಾತ್ರೆ ನಡೆಯುವ ಬನದ ಹುಣ್ಣಿಮೆಗೆ ದೈವಯೋಗದಿಂದ ಎರಡು ಯಂತ್ರಗಳೂ ಏಕಕಾಲದಲ್ಲಿ ಅವರ ಕೈಸೇರಿದುವು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಅಳಿಯನು ಸೋನಿಯನ್ನು ತಂದಿದ್ದನು. ಇಳಕಲ್ಲಿನಲ್ಲಿ ಮದುವೆಯ ಚಿತ್ರಗಳನ್ನು ತೆಗೆದು ಹೊಟ್ಟೆ ಹೊರೆಯುವ, ಆಚಾರ್ಯರ ಹಳೆಯ ಶಿಷ್ಯನಾದ ಹುಡುಗನು ಗುರುಭಕ್ತಿಯಿಂದ ಕೆನಾನನ್ನು ಎರವಲು ಕೊಟ್ಟನು. ನಾನು ಹೋದಾಗ ಆಚಾರ್ಯರು ಪಡಸಾಲೆಯಲ್ಲಿ ತಕ್ಕಡಿ ಹಿಡಿದು ಕುಳಿತಿದ್ದರು. ಬ್ಯಾಟರಿ, ಕಾರ್ಡು ಸಮೇತ ಸೋನಿಯ ತೂಕ 723 ಗ್ರಾಂ, ಕೆನಾನಿನದು 670 ಗ್ರಾಂ ಎಂದು ತಯಾರಕರೇ ಅಚ್ಚು ಹಾಕಿಸಿದ್ದರೂ, ಪ್ರತ್ಯಕ್ಷ ಪ್ರಮಾಣವಿಲ್ಲದೆ ಒಪ್ಪತಕ್ಕವರು ಅವರಲ್ಲ. ಒಂದೊಂದು ತಟ್ಟೆಯಲ್ಲಿ ಒಂದೊಂದನ್ನು ಇಟ್ಟು, ಕೆನಾನಿನ ಕಡೆಗೆ ಒಂದು ಸಣ್ಣ ಉಳ್ಳಾಗಡ್ಡಿಯನ್ನು ಸೇರಿಸಿದರು. ಮುಳ್ಳು ನಡುವೆ ನಿಂತಿತು. ‘ನೋಡ್ರಿ, ಒಂದ ಗಡ್ಡಿ ಫರಕು’ ಎಂದು ಅವರು ವಹಿಯಲ್ಲಿ ಬರೆದುಕೊಂಡಾಗ ಅವರ ಮುಖದಲ್ಲಿದ್ದ ಕಾಂತಿಯನ್ನು ಎರಡರಲ್ಲಿ ಯಾವ ಯಂತ್ರವಾದರೂ ಹಿಡಿಯಬಹುದಾಗಿತ್ತು, ಹಿಡಿಯುವವರು ಇರಲಿಲ್ಲ.

ಅನಂತರ ಮನೆಯಾಕೆಯನ್ನು ಕರೆಯಲಾಯಿತು. ಆಕೆ ಜಾತ್ರೆಗೆಂದು ಇಳಕಲ್ಲಿನ ಸೀರೆಯನ್ನುಟ್ಟು ಸಿದ್ಧಳಾಗಿದ್ದಳು: ಕಡುನೀಲಿಯ ಒಡಲು, ಚಿಕ್ಕಿಪರಾಸಿನ ಅಂಚು, ಕೆಂಪು ರೇಷ್ಮೆಯ ಟೋಪುತೆನಿಯ ಸೆರಗು. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸುವುದು ಆ ಮಗ್ಗದ ವೈಶಿಷ್ಟ್ಯವೆಂಬುದು ಎಲ್ಲರೂ ಬಲ್ಲ ಸಂಗತಿ. ಆಚಾರ್ಯರು ಬಯಸಿದ್ದು ಬೇರೊಂದು. ಬಟ್ಟೆಯ ನೇಯ್ಗೆಯೂ ಎಳೆಗಳ ಜಾಲ, ಸಂವೇದಕವೂ ಬಿಂದುಗಳ ಜಾಲ. ಎರಡರ ಒತ್ತು ಒಂದಕ್ಕೊಂದು ಸಮೀಪಿಸಿದಾಗ ಚಿತ್ರದಲ್ಲಿ, ಬಟ್ಟೆಯ ಮೇಲೆ ಇಲ್ಲದ ಬಣ್ಣಬಣ್ಣದ ಅಲೆಗಳು ಏಳುತ್ತವೆ. ಇದಕ್ಕೆ ಮ್ವಾರೆ ಎಂದು ಹೆಸರು. ಇದನ್ನು ತಡೆಯಲು ಕೆನಾನಿನ ಸಂವೇದಕದ ಮುಂದೆ ಸೂಕ್ಷ್ಮ ವಿವರವನ್ನು ಲೇಶಮಾತ್ರ ಮಸಕುಗೊಳಿಸುವ ಸೋಸುಗಾಜು ಉಂಟು. ಸೋನಿಯಲ್ಲಿ ಅದಿಲ್ಲ, ಆದರೆ ಅದರ ಬಿಂದುಗಳು ಅತಿ ನಿಬಿಡವಾಗಿರುವುದರಿಂದ ಅಲೆಗಳು ಏಳುವ ಸಂಭವವೇ ಕಡಮೆ ಎಂದು ಅದರ ಪಕ್ಷದವರ ವಾದ. ಆಚಾರ್ಯರು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಸರಿಯುತ್ತ ಬಹುಹೊತ್ತು ಸೆರಗನ್ನೇ ಚಿತ್ರಿಸಿದರು. ಕೊನೆಗೆ ಆಕೆ, ‘ನನ್ನ ತಗ್ಯಾಕತ್ತೀರೋ, ನನ್ನ ಸೀರಿ ತಗ್ಯಾಕತ್ತೀರೋ?’ ಎಂದು ಕೇಳಿದಳು. ಚಿತ್ರಗಳನ್ನು ನಾನು ನೋಡಿದೆ. ಟೋಪುತೆನಿಯ ಬಿಳಿಯ ಗೋಪುರದಾಕೃತಿಗಳು ಎಳೆ ಎಣಿಸುವಷ್ಟು ಸ್ಪಷ್ಟವಾಗಿದ್ದುವು. ಯಾವೊಂದು ಚಿತ್ರದಲ್ಲಿಯೂ ಆ ಸಾಧ್ವಿಗೆ ತಲೆ ಇರಲಿಲ್ಲ.

ಅಲ್ಲಿಂದ ಸವಾರಿ ಐಹೊಳೆಗೆ ನಡೆಯಿತು. ಪ್ರವಾಸಿಗಳೆಲ್ಲ ದುರ್ಗದ ಗುಡಿಯ ಮಹಿಷಮರ್ದಿನಿಯ ಮುಂದೆ ನೆರೆದಿದ್ದಾಗ, ಆಚಾರ್ಯರು ಆವರಣದ ಗುಡಿಗಳನ್ನೆಲ್ಲ ಪ್ರದಕ್ಷಿಣೆ ಬಂದು, ಶಿಲ್ಪದ ಸೋಂಕೇ ಇಲ್ಲದ ಒಂದು ಬೋಳುಗೋಡೆಯನ್ನು ಆರಿಸಿಕೊಂಡು ಅದರ ಎದುರಿಗೆ ನಿಂತರು. ಕಲ್ಲಿನ ಸಾಲುಗಳು ನೇರವಾಗಿರುವುದರಿಂದ ಮಸೂರದ ಅಂಚಿನ ವಕ್ರತೆಯನ್ನು ಪರೀಕ್ಷಿಸುವುದಕ್ಕೆ ಅಂಥ ಪ್ರಶಸ್ತವಾದ ಗೋಡೆ ಚಾಲುಕ್ಯರ ರಾಜ್ಯದಲ್ಲಿಯೇ ಇನ್ನೊಂದಿಲ್ಲವೆಂದು ಅವರ ಮತ. ಶಾಲೆಯ ಮಕ್ಕಳ ತಂಡವೊಂದು ಅಲ್ಲಿ ಏನೋ ಗುಪ್ತವಾದ ವಿಗ್ರಹವಿರಬೇಕೆಂದು ಭಾವಿಸಿ ಬಂದು, ತಾನೂ ಸ್ವಲ್ಪ ಹೊತ್ತು ಆ ಗೋಡೆಯನ್ನು ಭಕ್ತಿಯಿಂದ ನೋಡಿ ಹೋಯಿತು.

ಸಾಯಂಕಾಲ ಬನಶಂಕರಿಯಲ್ಲಿ ತೇರು ಎಳೆಯುವ ಹೊತ್ತು. ಜನಸಮುದ್ರ, ಉಘೇ ಉಘೇ ಎಂಬ ಘೋಷ, ಇಳಿಬಿಸಿಲಿನಲ್ಲಿ ಕಳಶದತ್ತ ಹಾರುವ ಉತ್ತತ್ತಿ, ಬಾಳೆಹಣ್ಣುಗಳು. ಸೆಕೆಂಡಿಗೆ 40 ಚಿತ್ರಗಳ ಯಂತ್ರವೊಂದಕ್ಕೆ ಇದಕ್ಕಿಂತ ಪ್ರಶಸ್ತವಾದ ಮುಹೂರ್ತವಿಲ್ಲ. ಆರು ಕೋಟಿ ಬಿಂದುಗಳ ಯಂತ್ರಕ್ಕೂ ಇಲ್ಲ. ಕೊರಳಿನ ಎಡಕ್ಕೊಂದು ಬಲಕ್ಕೊಂದು ಯಂತ್ರವನ್ನು ತೂಗಹಾಕಿಕೊಂಡಿದ್ದ ಆಚಾರ್ಯರು ಎರಡನ್ನೂ ಎತ್ತಲಿಲ್ಲ. ಕಾರಣವನ್ನು ಕೇಳಿದೆ. ಒಂದು ಕಣ್ಣಿಗೆ ಒಂದು ಯಂತ್ರವನ್ನು ಮಾತ್ರ ಹಚ್ಚಬಹುದು. ಮೊದಲನೆಯದರಿಂದ ಒಂದು ಕ್ಷಣವನ್ನು ಹಿಡಿದರೆ ಎರಡನೆಯದನ್ನು ಎತ್ತುವಷ್ಟರಲ್ಲಿ ತೇರು ಮುಂದೆ ಸರಿದಿರುತ್ತದೆ, ಬೆಳಕು ಬದಲಾಗಿರುತ್ತದೆ, ಬೇರೆ ಉತ್ತತ್ತಿ ಹಾರಿರುತ್ತದೆ. ವಿಷಮ ವಸ್ತುಗಳಿಂದ ಸಿದ್ಧವಾದ ತುಲನೆ ಅಶಾಸ್ತ್ರೀಯ. ತೇರು ಪಾದಗಟ್ಟೆಯನ್ನು ಮುಟ್ಟುವವರೆಗೆ ಅವರು ಇದನ್ನೇ ವಿವರಿಸಿದರು. ರಾತ್ರಿ ಜಾತ್ರೆಯ ನಾಟಕ ಕಂಪನಿಯ ಡೇರೆಯಲ್ಲಿ ಮಾತ್ರ ಒಂದು ಪ್ರಯೋಗ ನಡೆಯಿತು: ಸದ್ದಿಲ್ಲದ ವಿದ್ಯುನ್ಮಾನ ಕವಾಟವು ಚಿತ್ರವನ್ನು ಒಮ್ಮೆಗೇ ಹಿಡಿಯದೆ ಸಾಲುಸಾಲಾಗಿ ಓದುವುದರಿಂದ, ಮಿನುಗುವ ಎಲ್‌ಇಡಿ ದೀಪಗಳಡಿಯಲ್ಲಿ ನಾಯಕಿಯ ಮುಖದ ಮೇಲೆ ಅಡ್ಡಪಟ್ಟೆಗಳು ಬೀಳುತ್ತವೆಂದೂ, ಓದುವುದರಲ್ಲಿ ನಿಧಾನಿಯಾದ ಸೋನಿಯಲ್ಲಿ ಓಡುವ ಹಾಸ್ಯಗಾರನ ಕಾಲುಗಳು ಸೊಟ್ಟಗಾಗುತ್ತವೆಂದೂ ಅವರು ಸಾಧಿಸಿ ತೋರಿಸಿದರು. ಇದು ನಿಜವಾದ ಶಾಸ್ತ್ರ. ಯಾಂತ್ರಿಕ ಕವಾಟಕ್ಕೆ ತಿರುಗಿಸಿದರೆ ದೋಷವು ಬಹುಮಟ್ಟಿಗೆ ಪರಿಹಾರವಾಗುತ್ತದೆಂಬುದೂ ನಿಜ.

ಮನಸ್ಸು ತಡೆಯದೆ ನಾನೊಮ್ಮೆ ಬಿಗ್ಸ್ ಸಾಹೇಬನ ಕಥೆಯನ್ನು ಹೇಳಿದೆ. ಮುಂಬಯಿಯ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬವನು 1855ರಲ್ಲಿ ಸರ್ಕಾರದ ಅಪ್ಪಣೆಯಂತೆ ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಮರದ ಪೆಟ್ಟಿಗೆಯನ್ನು ಹೊರಿಸಿಕೊಂಡು ಬಂದು, ಕಾಗದದ ಮೇಲೆ ಬೆಳ್ಳಿಯ ಲವಣ ಸವರಿ, ಈ ಗುಡಿಗಳ ಚಿತ್ರಗಳನ್ನು ತೆಗೆದನು. ಅವುಗಳಲ್ಲಿ ಕೆಲವು 1866ರಲ್ಲಿ ಫರ್ಗುಸನ್ ಮತ್ತು ಮೆಡೋಸ್ ಟೇಲರರ ಬರೆಹಗಳೊಡನೆ ಪುಸ್ತಕದಲ್ಲಿ ಅಚ್ಚಾದುವು. ಇಂದಿಗೂ ವಿದ್ವಾಂಸರು ಅವನ್ನು ನೋಡುತ್ತಾರೆ. ಒಂದೇ ಪೆಟ್ಟಿಗೆಯಿಂದ ಅವನು ಇಷ್ಟನ್ನು ಸಾಧಿಸಲಿಲ್ಲವೇ ಎಂದೆ. ಆಚಾರ್ಯರು ಮರುಕದಿಂದ ತಲೆಯಲ್ಲಾಡಿಸಿ, ‘ಹೋಲಿಸಾಕ ಇನ್ನೊಂದ ಇರಲಿಲ್ಲಲ್ರಿ ಅವಗ, ಪಾಪ!’ ಎಂದರು. ಮಕ್ಕಳ ಚಿತ್ರಗಳಿಗೆ ಹೆಸರಾದ ಮೈಸೂರಿನ ಟಿ.ಎಸ್. ಸತ್ಯನ್ನರ ಛಾಯಾಚಿತ್ರವೊಂದನ್ನು ಮುಂದಿಟ್ಟರೂ ಅವರು ಮೊದಲು ಕೇಳುವುದು ಮಸೂರ ಯಾವುದೆಂದು. ಚಿತ್ರದೊಳಗಿನ ಮಗು ನಗುತ್ತಿತ್ತೋ ಅಳುತ್ತಿತ್ತೋ ಅವರಿಗೆ ನೆನಪಿರದು.

ಇಷ್ಟಾದರೂ ಅವರನ್ನು ಕೇವಲ ಪರಿಹಾಸಕ್ಕೆ ಪಾತ್ರರೆಂದು ತಿಳಿಯುವವರು ಅನ್ಯಾಯ ಮಾಡಿದಂತಾದೀತು. ಇಳಕಲ್ಲಿನ ಆ ಶಿಷ್ಯನು ಕೆನಾನನ್ನು ಕೊಂಡದ್ದೇ ಇವರ ಮಾತಿನಿಂದ. ಮದುವೆಯ ಆಲ್ಬಮ್ಮಿನ ಹಾಳೆ 36 ಅಂಗುಲ ಅಗಲವಾದರೂ ಅದರ ಮೇಲೆ ಕೂಡುವ ಒಂದೊಂದು ಚಿತ್ರ ಚಿಕ್ಕದೇ. ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚು ಹಾಕಿದರೆ ಕೆನಾನಿನ ಚಿತ್ರ 20 ಅಂಗುಲಕ್ಕೆ ಸಾಲುತ್ತದೆ, ಸೋನಿಯದು 31 ಅಂಗುಲ ದಾಟುತ್ತದೆ, ಆದರೆ ಆ ಹೆಚ್ಚಳಕ್ಕೆ ಕಾರ್ಡು, ಗಣಕಯಂತ್ರ, ಡಿಸ್ಕುಗಳ ರೂಪದಲ್ಲಿ ಹುಡುಗನು ಜೀವಮಾನವಿಡೀ ಕಂದಾಯ ಕಟ್ಟಬೇಕಾಗುತ್ತದೆ. ಅಕ್ಕಿಕಾಳು ಬೀಳುವ ಕ್ಷಣ ಎರಡನೆಯ ಸಲ ಬರುವುದಿಲ್ಲ, ಆದುದರಿಂದ ವೇಗವೇ ಮುಖ್ಯ ಎಂದು ಹತ್ತು ನಿಮಿಷದಲ್ಲಿ ಹೇಳಿ ಕಳುಹಿಸಿದರು. ಯಡಹಳ್ಳಿಯ ಚಿಂಕಾರ ವನ್ಯಧಾಮಕ್ಕೆ ಹೋಗುವ ಹುಡುಗರಿಗೂ ಹೀಗೆಯೇ ನಿಸ್ಸಂದಿಗ್ಧವಾದ ಸಲಹೆ. ಪರರ ಹಣದ ವಿಷಯದಲ್ಲಿ ಅವರಷ್ಟು ನಿಶ್ಚಿತಮತಿಗಳನ್ನು ನಾನು ಕಂಡಿಲ್ಲ.

ನನ್ನ ನಿರ್ಣಯವನ್ನು ಕೇಳುವ ವಾಚಕರಿದ್ದರೆ, ಪಾಮರನ ಮಾತನ್ನೇ ಹೇಳುವೆನು: ಕಲ್ಲನ್ನೂ ಸೆರಗನ್ನೂ ಗೋಡೆಯಗಲ ಅಚ್ಚು ಹಾಕಿಸುವವರು ಸೋನಿಯನ್ನು ಕೊಳ್ಳಲಿ, ತೇರು, ಮದುವೆ, ಜಿಂಕೆ, ಮಕ್ಕಳ ಬೆನ್ನು ಹತ್ತುವವರು ಕೆನಾನನ್ನು ಕೊಳ್ಳಲಿ. 2025ರ ದೀಪಾವಳಿಯ ಹೊತ್ತಿಗೆ ಆಚಾರ್ಯರೂ ಹೆಚ್ಚುಕಡಮೆ ಇಲ್ಲಿಗೇ ಬಂದು ತಲುಪಿದ್ದರು. ಅರ್ಜಿಯಲ್ಲಿ ಬಿಟ್ಟಿದ್ದ ಜಾಗದಲ್ಲಿ ಪೆನ್ಸಿಲಿನಿಂದ ಏನನ್ನೋ ಬರೆದೂ ಇದ್ದರಂತೆ. ನವೆಂಬರಿನಲ್ಲಿ ಕೆನಾನ್ ಸಂಸ್ಥೆಯವರು ಆರ್6ರ ಮೂರನೆಯ ಆವೃತ್ತಿಯನ್ನು, 3 ಕೋಟಿ 25 ಲಕ್ಷ ಚಿತ್ರಬಿಂದುಗಳೊಡನೆ, ಪ್ರಕಟಿಸಿದರು. ಆಚಾರ್ಯರು ಹುನಗುಂದದಿಂದ ಹೊಸ ವಹಿ ತರಿಸಿದ್ದಾರೆ.