ಗಂಡು ಜೇಡನ ಮದುವೆ: ಬಳಕೆಯ ಕೈಪಿಡಿ
(ವಿಜಯಪುರ–ತಿಕೋಟಾ–ಬಬಲೇಶ್ವರ ಆವೃತ್ತಿ)

ತಮ್ಮಾ, ಮೊದಲು ಎಂಟೂ ಕಾಲು ನೆಲಕ್ಕೆ ಊರಿ ನಿಲ್ಲು. ಕೊನೆಯ ಪೊರೆ ಕಳಚಿ ಪ್ರಾಯಕ್ಕೆ ಬಂದ ಗಂಡು ಜೇಡನಿಗಾಗಿ ಬರೆದ ಕೈಪಿಡಿ ಇದು. ಇನ್ನೊಂದು ಪೊರೆ ಬಾಕಿ ಇದ್ದವರು ಪುಟ ಮುಚ್ಚಿ ನೊಣ ಹಿಡಿಯಲು ಹೋಗಬಹುದು. ನಿನ್ನ ಸರದಿ ಬಂತೇ ಇಲ್ಲವೇ ಎಂದು ಪಂಚಾಂಗ ತೆರೆಸಬೇಕಾಗಿಲ್ಲ. ಬಾಯಿಯ ಎರಡೂ ಪಕ್ಕದ ಕಿರುಗೈಗಳನ್ನು ನೋಡಿಕೊಂಡರೆ ಸಾಕು. ತುದಿ ನುಣ್ಣಗೆ ಊದಿಕೊಂಡಷ್ಟೇ ಇದ್ದರೆ ಕಾಯಬೇಕು. ಊದಿದ್ದು ಬಿಚ್ಚಿ ಒಳಗಿನ ಸುರುಳಿ, ಕೊಕ್ಕೆ, ಮುಳ್ಳು ಕಾಣುತ್ತಿದ್ದರೆ ನೀನು ವರ.

ಈ ಆವೃತ್ತಿಯ ವ್ಯಾಪ್ತಿ: ವಿಜಯಪುರದ ಹಳೆಯ ಮನೆಗಳ ಜಂತಿಮೂಲೆ, ತಿಕೋಟಾದ ದ್ರಾಕ್ಷಿ ಪಡ, ಬಬಲೇಶ್ವರದ ಎರೆಹೊಲದ ಬಿರುಕು, ಮಮದಾಪುರ ಕೆರೆಯ ಕಡೆಯ ಜಾಲಿಕಂಟಿ. ಹೊರದೇಶದ ಜೇಡಗಳ ಸುದ್ದಿ ಅಲ್ಲಲ್ಲಿ ಬಂದರೆ ಬೀಗರೆಂದು ತಿಳಿದು ಸಹಿಸಿಕೋ. ಜೇಡಗಳ ಖಾಸಗಿ ಜೀವನಕ್ಕೆ ಕ್ಯಾಮೆರಾ ಹಿಡಿದವರು ಹೆಚ್ಚಾಗಿ ಅಲ್ಲಿಯವರು.

ಸಾಮಾನು ನೋಡಿಕೊಳ್ಳುವುದು

ಮೊದಲ ದೂರು ಇಲ್ಲಿಯೇ ಬರುತ್ತದೆ: ಕಿರುಗೈ ಖಾಲಿ ಇದೆ! ಹೌದು, ಖಾಲಿಯೇ. ವೀರ್ಯ ಹೊರಬರುವ ದ್ವಾರ ಹೊಟ್ಟೆಯ ಅಡಿಯಲ್ಲಿದೆ, ಅದನ್ನು ಹೆಣ್ಣಿಗೆ ಮುಟ್ಟಿಸುವ ಸಾಧನ ಬಾಯಿಯ ಹತ್ತಿರ ಇದೆ, ನಡುವೆ ಒಂದು ಕೊಳವೆಯೂ ಇಲ್ಲ. ತಯಾರಿಕೆಯಲ್ಲಿ ತಪ್ಪಾಗಿದೆ ಎಂದು ವಾಪಸು ಕಳಿಸಬೇಡ. ಈವರೆಗೆ ಹೆಸರು ಪಡೆದ 50,000ಕ್ಕೂ ಹೆಚ್ಚು ಜೇಡ ಜಾತಿಗಳ ಗಂಡುಗಳೆಲ್ಲ ಇದೇ ಮಾದರಿಯವು.

ತುಂಬಿಸುವ ವಿಧಾನ ಸುಲಭ. ಮೊದಲು ಒಂದು ಚಿಕ್ಕ ಬಲೆ ನೇಯಿ. ಇದು ನೊಣಕ್ಕಲ್ಲ, ಅಂಗೈಯಷ್ಟೂ ಬೇಕಿಲ್ಲ. ಹೊಟ್ಟೆಯಿಂದ ಒಂದು ಹನಿ ವೀರ್ಯ ಅದರ ಮೇಲೆ ಬೀಳಿಸು. ಆಮೇಲೆ ಕಿರುಗೈಗಳನ್ನು ಒಂದರ ನಂತರ ಒಂದು ಹನಿಗೆ ಅದ್ದಿ, ಶಾಯಿ ಪೆನ್ನಿಗೆ ಶಾಯಿ ಎಳೆದಂತೆ ಎಳೆದುಕೋ. ಒಳಗೆ ಹೋದ ವೀರ್ಯಾಣುಗಳು ಸುರುಳಿ ಸುತ್ತಿಕೊಂಡು, ಮೇಲೊಂದು ಹೊದಿಕೆ ಎಳೆದುಕೊಂಡು ಮಲಗಿರುತ್ತವೆ. ಎಬ್ಬಿಸುವುದು ನಿನ್ನ ಕೆಲಸವಲ್ಲ. ಹೆಣ್ಣಿನ ಒಡಲು ಸೇರಿದ ಮೇಲೆ ಅವೇ ಏಳುತ್ತವೆ.

ಕಿರುಗೈಯ ಕೆತ್ತನೆ ಜಾತಿಗೊಂದು ಬಗೆ, ಅದು ಕೂಡುವ ಹೆಣ್ಣಿನ ಅಂಗದ ರಚನೆಯೂ ಹಾಗೆಯೇ. ಅದಕ್ಕೇ ಜೇಡ ತಜ್ಞರು ನಿನ್ನ ಮೈಬಣ್ಣ ನಂಬುವುದಿಲ್ಲ, ಸೂಕ್ಷ್ಮದರ್ಶಕದ ಕೆಳಗೆ ಕಿರುಗೈಯನ್ನೇ ತಿರುಗಿಸಿ ನೋಡುತ್ತಾರೆ. ಎಷ್ಟೋ ಜಾತಿಗಳಿಗೆ ಸಿಕ್ಕಿರುವ ಗುರುತಿನ ಚೀಟಿ ಅದೊಂದೇ. ಇಷ್ಟು ಮರ್ಯಾದೆಯ ವಸ್ತುವನ್ನು ಇಷ್ಟು ಬಹಿರಂಗವಾಗಿ ಇಟ್ಟವರು ಯಾರೋ, ಆ ವಿಚಾರ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಹೆಣ್ಣಿನ ಮನೆ ಹುಡುಕುವುದು

ಮಧ್ಯಸ್ಥರು ಬೇಡ, ಜಾತಕವೂ ಬೇಡ. ಹೆಣ್ಣು ನಡೆದಲ್ಲೆಲ್ಲ ಒಂದು ಎಳೆ ಬಿಟ್ಟುಹೋಗುತ್ತಾಳೆ. ಎಳೆಯ ಮೇಲೆ ವಾಸನೆಯಿದೆ. ಕಾಲ ತುದಿಯ ಕೂದಲಿನಿಂದ ಮುಟ್ಟಿದರೆ ಯಾವ ಜಾತಿ, ಪ್ರಾಯ ಬಂದಿದೆಯೇ, ಈಗಾಗಲೇ ಮದುವೆಯಾಗಿದೆಯೇ ಎಂಬ ಸುಳಿವುಗಳು ಎಷ್ಟೋ ಜಾತಿಗಳಲ್ಲಿ ಅಲ್ಲಿಯೇ ಸಿಗುತ್ತವೆ. ಹೊಲದ ಹೆಚ್ಚಿನ ತೋಳ ಜೇಡಗಳಿಗೆ ಬಲೆಯಿಲ್ಲ, ಈ ಎಳೆಯೇ ಅವುಗಳ ರಸ್ತೆ.

ತಿಕೋಟಾ ಕಡೆಯ ವರರು ಇಲ್ಲಿ ವಿಶೇಷ ಗಮನ ಕೊಡಬೇಕು. ದ್ರಾಕ್ಷಿ ಪಡದಲ್ಲಿ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಸಲ ಕತ್ತರಿ ಆಡುತ್ತದೆ, ಆಮೇಲೆ ಔಷಧ ಹೊಡೆಯುವ ಪಂಪು ನಿಲ್ಲುವುದೇ ಇಲ್ಲ. ಸಾಲುಗಳ ನಡುವಿನ ಹುಲ್ಲಿಗೆ ಕಳೆನಾಶಕ ಬೇರೆ. ಅದು ನಿನ್ನನ್ನು ಕೊಲ್ಲದೇ ಇರಬಹುದು. ಆದರೆ ಅಮೆರಿಕದ ಹೊಲಗಳ ಪಾರ್ಡೋಸಾ ಮಿಲ್ವಿನಾ ಎಂಬ ನಿನ್ನ ದಾಯಾದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗ್ಲೈಫೋಸೇಟ್ ಕಳೆನಾಶಕ ನಡುವೆ ಬಂದಾಗ ಗಂಡು ಹೆಣ್ಣನ್ನು ಪತ್ತೆ ಹಚ್ಚುವ ಶಕ್ತಿಯೇ ಕುಂದಿತು. ಜೀವ ಇದೆ, ಕಾಲು ಇದೆ, ವಿಳಾಸ ಅಳಿಸಿಹೋಗಿದೆ! ಪಡದ ಮಾಲೀಕನ ಹತ್ತಿರ ದೂರು ಹೇಳಿ ಪ್ರಯೋಜನವಿಲ್ಲ. ಆತ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಹಣ್ಣಿನಲ್ಲಿ ಗರ್ಭಕಟ್ಟಿದ ಬೀಜ ಬೆಳೆಯದೆ ಕರಗಿಹೋಗುವುದೇ ಲಾಭ. ಸಂತಾನದ ಕಷ್ಟ ಹೇಳಿಕೊಳ್ಳಲು ಅದು ತಕ್ಕ ಜಾಗವಲ್ಲ.

ಬಾಗಿಲು ತಟ್ಟುವುದು (ಎರಡು ಸಲ ಓದು)

ಪುಸ್ತಕದ ಉಳಿದ ಭಾಗ ಹರಿದುಹೋದರೂ ಈ ಪುಟ ಉಳಿಯಬೇಕು. ಬಲೆಯಲ್ಲಿ ಕೂತ ಹೆಣ್ಣಿಗೆ ಕಣ್ಣು ಮಂದ, ಕಿವಿ ಇಲ್ಲ. ಆಕೆಯ ಲೋಕವೆಲ್ಲ ಕಾಲಿಗೆ ತಾಗುವ ನಡುಕ. ಕಾಲಿನ ಚಿಪ್ಪಿನಲ್ಲಿರುವ ಸಣ್ಣ ಸೀಳುಗಳು ಎಳೆಯ ಒಂದೊಂದು ಅದುರನ್ನೂ ಓದುತ್ತವೆ. ಊಟ ಬಂದರೂ ಎಳೆ ಅದುರುತ್ತದೆ, ವೈರಿ ಬಂದರೂ ಅದುರುತ್ತದೆ, ಗಾಳಿ ಬೀಸಿದರೂ ಅದುರುತ್ತದೆ. ನೀನು ಬಂದರೂ ಅಷ್ಟೇ. ಅದುರು ಊಟದಂತಿದ್ದರೆ ಆಕೆ ಊಟವೆಂದೇ ಓದುತ್ತಾಳೆ, ಅದರಲ್ಲಿ ಆಕೆಯ ತಪ್ಪೇನೂ ಇಲ್ಲ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹತ್ತಿದವರೆಲ್ಲ ತಮ್ಮ ಹೆಸರನ್ನೇ ಕೂಗಿ ಅದು ಮರಳಿ ಮರಳಿ ಬರುವುದನ್ನು ಕೇಳಿ ಹಿಗ್ಗುತ್ತಾರಲ್ಲ, ಆ ಅಭ್ಯಾಸ ಇಲ್ಲಿ ಬೇಡ. ನೀನು ಹೇಳಬೇಕಾದದ್ದು ಒಂದೇ ಮಾತು: ನಾನು ನೊಣ ಅಲ್ಲ.

ಹೇಗೆ ಹೇಳಬೇಕು? ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾಲಯದ ಆನ್ ವಿಗ್ನಲ್ ಮತ್ತು ಮರಿ ಹರ್ಬರ್‌ಸ್ಟೈನ್ ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಆರ್ಜಿಯೋಪಿ ಕುಲದ ಗಂಡು ಹೆಣ್ಣಿನ ಬಲೆಗೆ ಕಾಲಿಟ್ಟಾಗ ಮೈ ನಡುಗಿಸಿ ಒಂದು ವಿಶೇಷ ಕಂಪನ ಹೊರಡಿಸುತ್ತದೆ. ಅದೇ ಕಂಪನವನ್ನು ಯಂತ್ರದಿಂದ ಬಲೆಗೆ ಕೊಟ್ಟು, ಜೊತೆಗೆ ಜೀವಂತ ಚಿಮ್ಮಂಡೆಯನ್ನು ಬಿಟ್ಟರೆ ಹೆಣ್ಣು ಬೇಟೆಯ ಮೇಲೆ ಬೀಳಲು ತಡ ಮಾಡಿತು. ಸರಿಯಾಗಿ ನಡುಗಿದರೆ ಊಟವೂ ಎರಡು ಗಳಿಗೆ ಕಾಯುತ್ತದೆ ಎಂದಾಯಿತು. ಬಲೆಯ ನಡುವೆ ಬಿಳಿ ಅಂಕುಡೊಂಕು ಗೀಟು ಹಾಕಿ ಕೂರುವ ಆರ್ಜಿಯೋಪಿಗಳು ನಮ್ಮ ಬೇಲಿಗಳಿಗೂ ಹೊಸಬರಲ್ಲ.

ಗೋಡೆಯ ಮೇಲೆ ಜಿಗಿಯುವ ಜೇಡದವರಿಗೆ ಬೇರೆ ನಿಯಮ. ನಿಮ್ಮ ಹೆಣ್ಣುಗಳಿಗೆ ಕಣ್ಣು ಚುರುಕು, ಕುಣಿಯಲೇಬೇಕು. ಮುಂಗಾಲು ಎತ್ತು, ಓರೆಯಾಗಿ ಓಡು, ನಿಲ್ಲು, ಮತ್ತೆ ಓಡು. ಅಮೆರಿಕದ ವಿಸ್ಕಾನ್ಸಿನ್‌ನ ಜಾರ್ಜ್ ಮತ್ತು ಎಲಿಜಬೆತ್ ಪೆಕ್‌ಹ್ಯಾಮ್ ದಂಪತಿ 1889ರಲ್ಲೇ ಈ ಕುಣಿತಗಳನ್ನು ಬರೆದಿಟ್ಟರು. ಗಂಡಹೆಂಡತಿ ಕೂಡಿ ಕೂತು ಬೇರೆಯವರ ಹೆಣ್ಣು ನೋಡುವ ಶಾಸ್ತ್ರವನ್ನು ಇಷ್ಟು ಶ್ರದ್ಧೆಯಿಂದ ದಾಖಲಿಸಿದ್ದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಆಹೇರಿ

ನಮ್ಮ ಕಡೆ ಆಹೇರಿ (ಉಡುಗೊರೆ) ಇಲ್ಲದ ಮದುವೆಯಿಲ್ಲ. ಯುರೋಪಿನ ಪಿಸೌರಾ ಮಿರಾಬಿಲಿಸ್ ಗಂಡು ನೊಣ ಹಿಡಿದು ರೇಷ್ಮೆಯಲ್ಲಿ ಸುತ್ತಿ ಒಯ್ಯುತ್ತದೆ. ಹೆಣ್ಣು ಬಿಚ್ಚಿ ತಿನ್ನುವಷ್ಟು ಹೊತ್ತಿನಲ್ಲಿ ತನ್ನ ಕೆಲಸ ಮುಗಿಸುತ್ತದೆ. ಕೆಲವರು ತಿಂದು ಮುಗಿಸಿದ ಕೀಟದ ಸಿಪ್ಪೆಯನ್ನೋ ಗಿಡದ ಚೂರನ್ನೋ ಚೆನ್ನಾಗಿ ಸುತ್ತಿ ಕೊಡುತ್ತಾರೆ. ಹೊರಗೆ ಜರಿ, ಒಳಗೆ ಹುರಿ. ಕಪಟ ಗೊತ್ತಾದರೆ ಹೆಣ್ಣು ಕೂಟವನ್ನು ಬೇಗ ಮುಗಿಸುತ್ತಾಳೆ, ಅಂದರೆ ವೀರ್ಯ ದಾಟುವುದೂ ಕಡಿಮೆ. ಆಹೇರಿ ಕಸಿದುಕೊಂಡು ಆಕೆ ಓಡತೊಡಗಿದರೆ ಗಂಡು ಅದನ್ನು ಕಚ್ಚಿ ಹಿಡಿದು ಸತ್ತಂತೆ ಬಿದ್ದು, ಎಳೆದೊಯ್ದಲ್ಲಿ ಎದ್ದು ಮುಂದುವರಿಯುತ್ತದೆ. ಇಷ್ಟು ನಾಟಕ ನಮ್ಮ ಆವೃತ್ತಿಗೆ ಬೇಕಾಗಿಲ್ಲ.

ತಿನ್ನುವ ವಿಷಯ

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ, ಆದ್ದರಿಂದ ಬೇಕೆಂದೇ ತಡವಾಗಿ ಇಟ್ಟಿದ್ದೇನೆ. ಹೆಂಡತಿ ಗಂಡನನ್ನು ತಿನ್ನುತ್ತಾಳೆ ಎಂಬುದು ಕೆಲವು ಕುಲಗಳ ಸಂಗತಿ, ಬಹುಪಾಲು ಜೇಡಗಳಲ್ಲಿ ಮದುವೆ ಮುಗಿಸಿ ಗಂಡು ತನ್ನ ಪಾಡಿಗೆ ತಾನು ಹೋಗುತ್ತದೆ. ಆದರೆ ಆ ಕೆಲವು ಕುಲಗಳು ಪತ್ರಿಕೆಗಳಿಗೆ ಬಲು ಪ್ರೀತಿ.

ಆಸ್ಟ್ರೇಲಿಯಾದ ಕೆಂಪುಬೆನ್ನಿನ ಜೇಡದ ಗಂಡು ಕೂಟದ ನಡುವೆಯೇ ಲಾಗ ಹಾಕಿ ತನ್ನ ಹೊಟ್ಟೆಯನ್ನು ಹೆಣ್ಣಿನ ಬಾಯಿಗೆ ತಾನೇ ಇಡುತ್ತದೆ. 1996ರಲ್ಲಿ ಮೇಡಿಯನ್ ಆಂಡ್ರೇಡ್ ಲೆಕ್ಕ ಹಾಕಿ ತೋರಿಸಿದರು: ತಿನಿಸಿಕೊಂಡ ಗಂಡುಗಳ ಕೂಟ ಹೆಚ್ಚು ಹೊತ್ತು ನಡೆಯಿತು, ಮೊಟ್ಟೆಗಳಲ್ಲಿ ಅವರ ಪಾಲೂ ಹೆಚ್ಚಿತ್ತು. ಇನ್ನೊಂದು ಹೆಣ್ಣು ಸಿಗುವ ಆಸೆಯೇ ಕಮ್ಮಿ ಇದ್ದವನಿಗೆ ಈ ವ್ಯವಹಾರ ನಷ್ಟದ್ದಲ್ಲ.

ಮಲಬಾರಿನ ಹೆಸರು ಹೊತ್ತ ನೆಫಿಲೆಂಜಿಸ್ ಮಲಬಾರೆನ್ಸಿಸ್ ಇನ್ನೂ ಜಾಣ. ಅಪಾಯ ಕಂಡರೆ ಕಿರುಗೈಯನ್ನೇ ಮುರಿದು ಹೆಣ್ಣಿನಲ್ಲಿ ಬಿಟ್ಟು ಓಡುತ್ತದೆ. 2012ರಲ್ಲಿ ಡೈಚಿನ್ ಲಿ, ಮಾತ್ಯಾಜ್ ಕುಂಟ್ನರ್ ತಂಡ ಕಂಡಂತೆ, ಮುರಿದ ಕಿರುಗೈ ಯಜಮಾನನಿಲ್ಲದೆಯೂ ವೀರ್ಯ ದಾಟಿಸುತ್ತಲೇ ಇತ್ತು, ದ್ವಾರಕ್ಕೆ ಅಗುಳಿಯೂ ಆಯಿತು. ಚೀನದ ಫಿಲೊಪೊನೆಲ್ಲಾ ಗಂಡು ಕೆಲಸ ಮುಗಿದ ಮರುಕ್ಷಣ ಮುಂಗಾಲಿನ ಕೀಲಿನ ಬಲದಿಂದ ತನ್ನನ್ನೇ ಕವಣೆಗಲ್ಲಿನಂತೆ ಎಸೆದುಕೊಳ್ಳುತ್ತದೆ. 2022ರ ಅಧ್ಯಯನದಲ್ಲಿ 155 ಕೂಟಗಳಲ್ಲಿ 152 ಗಂಡುಗಳು ಹಾಗೆ ಹಾರಿ ಬದುಕಿದವು. ಹಾರದ ಮೂವರ ಗತಿ ಏನಾಯಿತೆಂದು ಬಿಡಿಸಿ ಹೇಳಬೇಕೇ?

ಜಾಲಿಕಂಟಿಯ ಒಟ್ಟು ಕುಟುಂಬ

ದಖನ್ನಿನ ಒಣನೆಲದ ಮುಳ್ಳುಕಂಟಿಗಳಲ್ಲಿ ಎಲೆ, ಕಸ, ರೇಷ್ಮೆ ಸೇರಿಸಿ ಕೊಳಕು ಬಟ್ಟೆಗಂಟಿನಂತೆ ಕಾಣುವ ಗೂಡು ಕಟ್ಟುವುದು ಸ್ಟೆಗೊಡಿಫಸ್ ಸರಸಿನೋರಮ್, ಕೂಡಿ ಬಾಳುವ ಜೇಡ. ನೀನು ಆ ಮನೆತನದವನಾದರೆ ಮೇಲಿನ ಪುಟಗಳಲ್ಲಿ ಅರ್ಧ ನಿನಗೆ ಬೇಡ. ಹೆಣ್ಣು ಹುಡುಕಿ ಊರೂರು ಅಲೆಯಬೇಕಿಲ್ಲ. ವಧು ಅದೇ ಗೂಡಿನಲ್ಲಿ ನಿನ್ನ ಜೊತೆಯೇ ಬೆಳೆದವಳು, ಬಹುಶಃ ನಿನ್ನ ಸಹೋದರಿ. ಸೋದರಮಾವನ ಮಗಳೆಂದರೆ ಮಾತುಕತೆಯೇ ಬೇಡವೆನ್ನುವ ನಮ್ಮ ಜಿಲ್ಲೆಯವರೂ ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ತಲೆಮಾರುಗಟ್ಟಲೆ ಒಳಗೊಳಗೇ ಕೂಡಿದ್ದರಿಂದ ಈ ಜಾತಿಯ ವಂಶವಾಹಿಗಳಲ್ಲಿ ವೈವಿಧ್ಯ ತೀರಾ ಕಡಿಮೆ ಎಂದು ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಟ್ರೀನೆ ಬಿಲ್ಡೆ ತಂಡ ತೋರಿಸಿದೆ.

ಗೂಡಿನಲ್ಲಿ ಹೆಣ್ಣು ಬಹಳ, ಗಂಡು ಬೆರಳೆಣಿಕೆ. ಅಣ್ಣತಮ್ಮಂದಿರೇ ತಮ್ಮ ತಮ್ಮಲ್ಲಿ ಪೈಪೋಟಿ ಮಾಡುವುದಾದರೆ ಹೆಚ್ಚು ಗಂಡು ಹುಟ್ಟಿಸಿ ಏನು ಉಪಯೋಗ? ಕೆಲಸದಲ್ಲೂ ತಾರತಮ್ಯವಿದೆ. ಹೇಮಾ ಸೋಮನಾಥನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದಂತೆ, ಬೇಟೆಗೆ ಓಡುವವರು ಬಹಳ ದಿನ ಕಳೆದರೂ ಹೆಚ್ಚುಕಡಿಮೆ ಅವರೇ, ಬಲೆ ದುರಸ್ತಿಗೆ ಮಾತ್ರ ಅಂಥ ಖಾಯಂ ಆಳು ಯಾರೂ ಇಲ್ಲ. ಇದನ್ನು ಓದಿ ನಗುವ ಸೊಸೆಯಂದಿರು ವಿಜಯಪುರದಲ್ಲಿ ಬಹಳ ಮಂದಿ ಇದ್ದಾರು. ಕಡೆಗೆ ತಾಯಂದಿರು ಅರಗಿಸಿದ ಆಹಾರ ಕಕ್ಕಿ ಮರಿಗಳಿಗೆ ಉಣಿಸಿ, ಅದೂ ಮುಗಿದ ಮೇಲೆ ತಮ್ಮ ಮೈಯನ್ನೇ ಬಿಟ್ಟುಕೊಡುತ್ತಾರೆ. ಗಂಡನನ್ನು ತಿನ್ನುವ ಹೆಂಡತಿಗೆ ಸಿಗುವ ಪ್ರಚಾರ ಮಕ್ಕಳು ತಿನ್ನುವ ಈ ತಾಯಿಗೆ ಯಾಕೆ ಸಿಗುವುದಿಲ್ಲವೋ!

ತೊಂದರೆ ಬಂದರೆ

ಆಕೆ ಓಡೋಡಿ ಬಂದಳು: ಎಳೆ ಬಿಟ್ಟು ಕೆಳಗೆ ಬೀಳು, ಮಾನ ಆಮೇಲೆ ನೋಡಿಕೊಳ್ಳೋಣ. ಆಕೆ ಅಲುಗಲೇ ಇಲ್ಲ: ಒಪ್ಪಿಗೆ ಇರಬಹುದು, ಹೊಟ್ಟೆ ತುಂಬಿರಬಹುದು. ಇನ್ನೊಬ್ಬ ವರ ಮೊದಲೇ ಬಂದುಹೋಗಿದ್ದಾನೆ: ಕಿರುಗೈಯ ಮುರಿದ ತುದಿ ದ್ವಾರದಲ್ಲಿ ಸಿಕ್ಕಿಕೊಂಡಿದೆಯೇ ನೋಡು. ಹೆಚ್ಚಿನ ಜೇಡಗಳಲ್ಲಿ ದ್ವಾರ ಎರಡಿರುತ್ತವೆ. ಆಕೆ ವೀರ್ಯವನ್ನು ಒಳಗಿನ ಕೋಶದಲ್ಲಿ ಕೂಡಿಟ್ಟು ಮೊಟ್ಟೆ ಇಡುವಾಗ ಬಳಸುತ್ತಾಳೆ, ಹಾಗಾಗಿ ಪೈಪೋಟಿ ನೀನು ಮನೆಗೆ ಹೋದ ಮೇಲೂ ನಡೆದಿರುತ್ತದೆ.

ವಾರಂಟಿ ಒಂದು ಹಂಗಾಮು. ಕಸಬರಿಗೆಯ ಪೆಟ್ಟು ಇದರಲ್ಲಿ ಸೇರಿಲ್ಲ. ದಸರೆ ಮುಂದೆ ಇರುವಾಗ ಮನೆಮನೆಯಲ್ಲೂ ಬಲೆ ಹೊಡೆಯುತ್ತಾರೆ. ಜಂತಿಮೂಲೆಯ ಉದ್ದಕಾಲಿನ ಜೇಡದ ಹೆಣ್ಣು ಮೊಟ್ಟೆಗಳ ಗೊಂಚಲನ್ನು ಬಾಯಲ್ಲೇ ಕಚ್ಚಿಕೊಂಡು ಮರಿ ಹೊರಬರುವ ತನಕ ತೂಗಾಡುತ್ತಿರುತ್ತದೆ. ಮುಟ್ಟಿದರೆ ಗಿರಗಿರ ಮೈ ತಿರುಗಿಸುತ್ತದೆ, ಅದು ಸಿಟ್ಟಲ್ಲ, ಕಣ್ಣಿಗೆ ಸಿಗದಂತೆ ಮಸುಕಾಗುವ ಉಪಾಯ. ಆದ್ದರಿಂದ ಕೊನೆಯ ಕಲಮು ವರನಿಗಲ್ಲ, ಮನೆಯೊಡತಿಗೆ: ಅಕ್ಕಾರ, ಆ ಮೂಲಿ ಒಂದೆರಡು ವಾರ ಬಿಡ್ರಿ, ಉಳಿದ ಮೂರು ಹೊಡೀರಿ.