ಹದಿನೈದು ಗಂಟೆಯ ಜ್ಞಾನ

"ಟೆಕ್ಸಾಸಿನಲ್ಲಿ ಎಂಜಿನಿಯರ್ ಲೈಸೆನ್ಸ್ ಉಳಿಯಬೇಕಾದರೆ ವರ್ಷಕ್ಕೆ 15 ಗಂಟೆ ಕಲಿಯಬೇಕು, ಅದರಲ್ಲಿ ಕನಿಷ್ಠ ಒಂದು ಗಂಟೆ ನೀತಿಪಾಠ." "ಉಳಿದ 14 ಗಂಟೆ?" "ನೀತಿಗೆ ರಜೆ!" ನಗು ಬಿಡಿ, ತಕರಾರು ಇರುವುದು ಗಡಿಯಾರದ ಮೇಲೆ. ಅದಕ್ಕೆ ಗೊತ್ತಾಗುವುದು ಎಷ್ಟು ಹೊತ್ತು ಕೂತರು ಎಂಬುದಷ್ಟೇ. ಕ್ಯಾಲಿಫೋರ್ನಿಯಾ ಇಂಥ ಗಂಟೆಯ ಲೆಕ್ಕ ಕೇಳುವುದೇ ಇಲ್ಲ; ಅಲ್ಲಿಯ ಸೇತುವೆಗಳೇನೂ ಮುನಿಸಿಕೊಂಡು ಮಲಗಿಲ್ಲ.

"ಹಾಗಾದರೆ ಓದೇ ಬೇಡವೇ ಸ್ವಾಮಿ?" ಬೇಕು, ಸರ್ವೆಯವರಿಗಂತೂ ಬೇಕೇ ಬೇಕು. ಅಮೆರಿಕದ ಹಳೆಯ ಸರ್ವೆ ಅಡಿಯನ್ನು 2022ರ ಕೊನೆಗೆ ಅಧಿಕೃತವಾಗಿ ಕೈಬಿಡಲಾಯಿತು. ಅಂತರರಾಷ್ಟ್ರೀಯ ಅಡಿಗೂ ಅದಕ್ಕೂ 10 ಲಕ್ಷಕ್ಕೆ ಎರಡೇ ಪಾಲು ವ್ಯತ್ಯಾಸ. ಆದರೆ 20 ಲಕ್ಷ ಅಡಿಯ ನಿರ್ದೇಶಾಂಕದಲ್ಲಿ ಎರಡನ್ನೂ ಬೆರೆಸಿದರೆ ಅದೇ ನಾಲ್ಕು ಅಡಿಯಾಗಿ ಪಕ್ಕದವನ ಬೇಲಿ ಹಾರುತ್ತದೆ. "ಕಡ್ಡಾಯವಿಲ್ಲದಿದ್ದರೆ ಇದನ್ನೆಲ್ಲ ಯಾರು ಓದುತ್ತಾರೆ?" ನ್ಯಾಯವಾದ ಮಾತೇ. ಹಾಗಿದ್ದರೆ ಈ ಲೆಕ್ಕವನ್ನು ಬಿಡಿಸಿ ತೋರಿಸುವುದನ್ನೇ ಕಡ್ಡಾಯ ಮಾಡಲಿ. "ಅಯ್ಯೋ, ಅದಕ್ಕೆ ಎಷ್ಟು ಗಂಟೆ ಕೊಡ್ತಾರೆ?"