ಉಪ್ಪಿನಕಾಯಿಗೆ ರೇಷ್ಮೆ ಹುಳು

ನಮ್ಮ ಕಡೆ ಹುಳು ಎಂದರೆ ಒಂದೇ ಹುಳು. ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ ಇಬ್ಬರು ರೈತರು ಎದುರಾದರೆ ‘ಚೆನ್ನಾಗಿದ್ದೀರಾ’ ಅನ್ನುವುದಕ್ಕೆ ಮುಂಚೆ ‘ಹುಳ ಎಷ್ಟನೇ ಜ್ವರ?’ ಅಂತ ಕೇಳುತ್ತಾರೆ. ಜ್ವರ ಎಂದರೆ ಕಾಯಿಲೆ ಅಲ್ಲ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆಯೆತ್ತಿ, ಧ್ಯಾನಕ್ಕೆ ಕೂತಂತೆ ಅಲ್ಲಾಡದೆ ಇರುವ ಒಂದು ದಿನ. ಇಂಥ ನಾಲ್ಕು ಜ್ವರ ದಾಟಿದರೆ ಹುಳು ಹಣ್ಣಾಗುತ್ತದೆ, ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತದೆ, ಗೂಡು ಮಾರುಕಟ್ಟೆಗೆ ಹೋಗುತ್ತದೆ, ಬಂದ ದುಡ್ಡಿನಲ್ಲಿ ನನ್ನಂಥವರು ಬಿ.ಎ. ಓದುತ್ತಾರೆ. ನಾನು ಚಿಂತಾಮಣಿಯಲ್ಲಿ ಓದಿ, ಗೌರಿಬಿದನೂರಿನಲ್ಲಿ ಮೇಷ್ಟ್ರಾಗಿ, ಚಿಕ್ಕಬಳ್ಳಾಪುರದಲ್ಲಿ ನಿವೃತ್ತನಾದವನು. ಎಲ್ಲಿದ್ದರೂ ಹುಳುವಿನ ಋಣ ಮಾತ್ರ ಬಿಡಲಿಲ್ಲ. ಕೊನೆಗೆ ಅಮೆರಿಕಕ್ಕೂ ಬಂತು.

ಹೋದ ವರ್ಷ ಮೇ ಕೊನೆಗೆ ನಾನೂ ನನ್ನಾಕೆಯೂ ಮಗಳ ಮನೆಗೆಂದು ನ್ಯೂಜೆರ್ಸಿಗೆ ಹೋದೆವು. ಮರುದಿನ ಬೆಳಗ್ಗೆ ಹನ್ನೊಂದು ವರ್ಷದ ಮೊಮ್ಮಗ ಮುಖ ಸಪ್ಪೆ ಮಾಡಿಕೊಂಡು ಬಂದು, ‘ತಾತ, ಕ್ರಿಕೆಟ್ ಖಾಲಿ’ ಅಂದ. ಹುಡುಗ ನಮ್ಮ ಆಟ ಮರೆತಿಲ್ಲವಲ್ಲ ಅಂತ ನನಗೆ ಖುಷಿಯೋ ಖುಷಿ. ‘ಬ್ಯಾಟ್ ತಗೊಂಡು ಬಾರೋ, ನಾನೇ ಬೌಲಿಂಗ್ ಮಾಡ್ತೀನಿ’ ಅಂದೆ. ಅವನು ಮಾತಾಡದೆ ಕೈಹಿಡಿದು ಮಹಡಿಗೆ ಕರೆದುಕೊಂಡು ಹೋದ. ಅಲ್ಲಿ ಬಲೆ ಹೊಡೆದ ಬೀರುವಿನಂಥ ಗೂಡಿನೊಳಗೆ, ಕೊಂಬೆಯೊಂದನ್ನು ಇಕ್ಕಳದಂಥ ಕಾಲುಗಳಲ್ಲಿ ಹಿಡಿದುಕೊಂಡು, ಗೋಸುಂಬೆ. ಯೆಮನ್ ದೇಶದ ಜಾತಿಯಂತೆ. ತಲೆಯ ಮೇಲೆ ಕಿರೀಟವಿಟ್ಟಂತೆ ಮೂಳೆಯ ಏಣು. ಹಸಿರಾಗಿದ್ದುದರಿಂದ ಹೆಸರು ಪಿಕಲ್. ಕ್ರಿಕೆಟ್ ಅನ್ನುವುದು ಅದರ ಊಟ: ನಮ್ಮೂರ ಬಚ್ಚಲಮನೆಯ ಮೂಲೆಯಲ್ಲಿ ರಾತ್ರಿಯಿಡೀ ಕಿರಿಕಿರಿ ಮಾಡುವ ಹುಳು, ಜೀವಂತ, ಡಬ್ಬಿಗಿಷ್ಟು ಅಂತ.

ನನ್ನಾಕೆ ಪಿಕಲ್ ಅನ್ನುವುದನ್ನು ಅಲ್ಲೇ ಕನ್ನಡಕ್ಕೆ ತಂದುಬಿಟ್ಟಳು. ಅಂದಿನಿಂದ ಮನೆಯಲ್ಲಿ ‘ಉಪ್ಪಿನಕಾಯಿ ತಿಂತಾ?’ ಅಂದರೆ ಗೊಂದಲವೋ ಗೊಂದಲ.

ಚಿಕ್ಕಂದಿನಲ್ಲಿ ಕೆರೆ ಏರಿಯ ಜಾಲಿ ಮರದ ಮೇಲೆ ನಮ್ಮೂರ ಗೋಸುಂಬೆಯನ್ನು ನಾನು ನೋಡಿದ್ದೆ. ಅದರ ಉಸಿರು ತಾಕಿದರೆ ಮೈಯೆಲ್ಲ ವಿಷ ಅಂತ ಅಜ್ಜಿ ಹೆದರಿಸಿದ್ದಳು. ವಿಷವೂ ಇಲ್ಲ, ಏನೂ ಇಲ್ಲ, ಪಾಪದ ಪ್ರಾಣಿ. ಆದರೂ ಹುಡುಗರು ಕಂಡಲ್ಲಿ ಕಲ್ಲು ಬೀರುತ್ತಿದ್ದರು. ‘ತಾತ, ನಿಮ್ಮೂರಿಂದ ಇದಕ್ಕೊಂದು ಜೋಡಿ ತಂದುಕೊಡು’ ಅಂತ ಮೊಮ್ಮಗ ಕೇಳಿದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಗೋಸುಂಬೆಯನ್ನು ಹಿಡಿಯುವುದೂ ಅಪರಾಧ, ಸಾಕುವುದೂ ಅಪರಾಧ ಅಂತ ಮೇಷ್ಟ್ರ ದನಿಯಲ್ಲಿ ಹೇಳಿದೆ. ‘ಚುನಾವಣೆ ಟೈಮಲ್ಲಿ ಅಷ್ಟೊಂದು ಗೋಸುಂಬೆ ಸಾಕ್ತಾರಲ್ಲ, ಅವರನ್ನ ಯಾಕೆ ಹಿಡಿಯಲ್ಲ?’ ಅಂತ ನನ್ನಾಕೆ ಒಳಗಿನಿಂದಲೇ ಕೇಳಿದಳು. ಆದರೆ ಬಣ್ಣ ಬದಲಿಸುವ ವಿಚಾರದಲ್ಲಿ ನಾವು ಪ್ರಾಣಿಗೆ ಅನ್ಯಾಯ ಮಾಡಿದ್ದೇವೆ. ಅದು ಸಿಕ್ಕಿದ ಹಿನ್ನೆಲೆಗೆ ತಕ್ಕ ಹಾಗೆ ವೇಷ ಹಾಕುವುದಿಲ್ಲ. ಸಿಟ್ಟು, ಭಯ, ಚಳಿ, ಪ್ರೀತಿ, ಇವನ್ನು ಮೈಮೇಲೆ ತೋರಿಸಿಕೊಳ್ಳುತ್ತದೆ, ಅಷ್ಟೇ. ಚರ್ಮದೊಳಗಿನ ಸೂಕ್ಷ್ಮ ಹರಳುಗಳ ನಡುವಿನ ಅಂತರ ಬದಲಾಗಿ ಬಣ್ಣ ಬದಲಾಗುತ್ತದೆ ಅಂತ 2015ರಲ್ಲಿ ಜಿನೀವಾದ ವಿಜ್ಞಾನಿಗಳು ತೋರಿಸಿಕೊಟ್ಟರು. ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡಲಾಗದ ಪ್ರಾಣಿ ಅದು. ನನ್ನಾಕೆ ಹತ್ತಿರ ಹೋದಾಗಲೆಲ್ಲ ಕಪ್ಪಾಗುತ್ತಿತ್ತು.

ಸಾಕುವುದೂ ಸುಲಭವಲ್ಲ. ಬಟ್ಟಲಲ್ಲಿ ನೀರಿಟ್ಟರೆ ಕಣ್ಣೆತ್ತಿ ನೋಡುವುದಿಲ್ಲ. ಎಲೆಯ ಮೇಲೆ ಹನಿ ನಿಂತರೆ ಮಾತ್ರ ನೆಕ್ಕುತ್ತದೆ. ಹಾಗಾಗಿ ದಿನಕ್ಕೆರಡು ಸಲ ಇಸ್ತ್ರಿಯವನ ಹಾಗೆ ನೀರು ಚಿಮುಕಿಸುವ ಕೆಲಸ ನನ್ನದಾಯಿತು. ಊಟಕ್ಕೆ ಮುಂಚೆ ಹುಳುಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ, ಬೋಂಡವನ್ನು ಹಿಟ್ಟಲ್ಲಿ ಹೊರಳಿಸಿದ ಹಾಗೆ, ಹೊರಳಿಸಬೇಕು. ಅದಕ್ಕೂ ಮುಂಚೆ ಆ ಹುಳುಗಳಿಗೇ ಕ್ಯಾರೆಟ್, ಸೊಪ್ಪು ಹಾಕಿ ಹೊಟ್ಟೆ ತುಂಬಿಸಬೇಕು. ಅವು ತಿಂದ ಸತ್ವ ಇದಕ್ಕೆ ಸೇರಬೇಕಲ್ಲ. ಒಂದು ದಿನ ಬಾಗಿಲಲ್ಲಿ ಪಾರ್ಸೆಲ್ ಬಂತು. ನನ್ನಾಕೆ ಏನೋ ಅಂತ ಬಿಚ್ಚಿದಳು. ಒಳಗೆ ನೂರು ಜಿರಳೆ. ಮದುವೆಯಾದಂದಿನಿಂದ ಸಿಂಕಿನ ಕೆಳಗೆ ಸೀಮೆಸುಣ್ಣದಲ್ಲಿ ಲಕ್ಷ್ಮಣರೇಖೆ ಎಳೆಯುತ್ತ ಬಂದವಳು, ‘ದುಡ್ಡು ಕೊಟ್ಟು ಜಿರಳೆ ತರಿಸ್ತೀರೇನೇ? ಅದಕ್ಕೆ ಕಿತ್ತಳೆಹಣ್ಣು ಬೇರೆ ಹಾಕ್ತೀರಾ?’ ಅಂತ ಮಗಳ ಮುಖ ನೋಡಿದಳು. ‘ಅಮ್ಮ, ಇದು ಮನೆ ಜಿರಳೆ ಅಲ್ಲ, ಬೇರೆ ಜಾತಿ’ ಅಂತ ಮಗಳು ಸಮಜಾಯಿಷಿ ಕೊಟ್ಟಳು. ಜಿರಳೆಯಲ್ಲೂ ಜಾತಿ ನೋಡುವುದು ನನ್ನಾಕೆಗೆ ಹಿಡಿಸಲಿಲ್ಲ.

ಎರಡನೇ ವಾರದ ಪಾರ್ಸೆಲ್ ನಾನೇ ಬಿಚ್ಚಿದೆ. ಪ್ಲಾಸ್ಟಿಕ್ ಡಬ್ಬಿ. ಒಳಗೆ ಹಸಿರು ಮಿಶ್ರಿತ ಕಂದು ಗೊಜ್ಜು. ಗೊಜ್ಜಿನ ಮೇಲೆ ಬೆಳ್ಳಗೆ, ಬಾಲದ ಮೇಲೊಂದು ಪುಟ್ಟ ಕೊಂಬು ಇಟ್ಟುಕೊಂಡು, ತಲೆಯೆತ್ತಿ ಕೂತ ಐವತ್ತು ಜನ ನಮ್ಮೂರವರು! ಮೂರನೇ ಜ್ವರದಲ್ಲಿದ್ದವು. ಹದಿಮೂರು ಸಾವಿರ ಕಿಲೋಮೀಟರಿಗೂ ಮೀರಿ ಹಾರಿ ಬಂದವನಿಗೆ ಸ್ವಂತ ದಾಯಾದಿಗಳು ಕಂಡಂತಾಯಿತು.

‘ಇದು ಟ್ರೀಟ್ ತಾತ. ಮೆತ್ತಗಿರುತ್ತೆ, ಓಡಲ್ಲ, ಕಚ್ಚಲ್ಲ. ಪಿಕಲ್‌ಗೆ ತುಂಬ ಇಷ್ಟ’ ಅಂದ ಮೊಮ್ಮಗ.

ನಮ್ಮ ಹುಳು ಮನೆಯಲ್ಲಿ ಹಲ್ಲಿ ಕಂಡರೆ ಅಮ್ಮ ಪೊರಕೆ ಹಿಡಿದು ಬೀದಿಯ ತನಕ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಇರುವೆ, ಇಲಿ, ಅಳಿಲು, ಹಲ್ಲಿ, 1980ರಲ್ಲಿ ರಾಜ್ಯಕ್ಕೆ ಬಂದು ಸೇರಿಕೊಂಡ ಊಜಿ ನೊಣ, ಇವೆಲ್ಲ ವೈರಿಗಳ ಪಟ್ಟಿ. ಈಗ ಆ ಹಲ್ಲಿಯ ಕಿರೀಟಧಾರಿ ದೊಡ್ಡಪ್ಪನಿಗೆ ನಾನೇ ಇಕ್ಕಳದಲ್ಲಿ ಹಿಡಿದು ಉಣಿಸಬೇಕಂತೆ.

ಮೊದಲ ತುತ್ತು ಮೊಮ್ಮಗನೇ ಹಿಡಿದ. ಒಂದು ಕಣ್ಣು ಕಿಟಕಿಯ ಕಡೆ, ಇನ್ನೊಂದು ನನ್ನ ಕಡೆ ತಿರುಗಿಸಿಕೊಂಡಿದ್ದ ಉಪ್ಪಿನಕಾಯಿ, ಮೊದಲು ಒಂದು ಕಣ್ಣನ್ನು ಹುಳುವಿನ ಮೇಲಿಟ್ಟಿತು. ಆಮೇಲೆ ಇನ್ನೊಂದನ್ನೂ ತಂದಿತು. ಗಾಳಿಗೆ ಎಲೆ ಆಡಿದ ಹಾಗೆ ಹಿಂದೆ ಮುಂದೆ ತೂಗುತ್ತ ಒಂದು ಹೆಜ್ಜೆ ಇಟ್ಟಿತು. ಬಾಯಿ ನಿಧಾನವಾಗಿ, ಎಲೆಯಡಿಕೆ ಹಾಕಿಕೊಂಡ ಮುದುಕರು ಮಾತಾಡಲು ಬಾಯಿ ತೆರೆಯುವ ಹಾಗೆ, ಅಷ್ಟೇ ಅಷ್ಟು ತೆರೆಯಿತು. ನಾಲಿಗೆಯ ಗುಲಾಬಿ ತುದಿ ಇಣುಕಿತು. ‘ಪಟ್’ ಅಂತೊಂದು ಸದ್ದು. ಇಕ್ಕಳ ಖಾಲಿ. ನಾಲಿಗೆ ಹೋದದ್ದನ್ನೂ ನಾನು ನೋಡಲಿಲ್ಲ, ಬಂದದ್ದನ್ನೂ ನೋಡಲಿಲ್ಲ. ಮೈಗಿಂತ ಉದ್ದದ ನಾಲಿಗೆ ಅದು. ಅದರ ತುದಿಯ ಜೊಲ್ಲು ಮನುಷ್ಯರ ಜೊಲ್ಲಿಗಿಂತ ನಾನೂರು ಪಟ್ಟು ಮಂದ ಅಂತ 2016ರಲ್ಲಿ ವಿಜ್ಞಾನಿಗಳು ಅಳೆದಿದ್ದಾರೆ ಅಂತ ಅಳಿಯಂದಿರು ವಿವರಿಸಿದರು. ‘ಹೋಲಿಸೋದಕ್ಕೆ ಜೊಲ್ಲು ಯಾರು ಕೊಟ್ಟರಂತೆ?’ ಅನ್ನುವುದು ನನ್ನಾಕೆಯ ಪ್ರಶ್ನೆ.

ಆ ರಾತ್ರಿ ನಿದ್ದೆ ಬರಲಿಲ್ಲ. ದುಃಖಕ್ಕೆ ಅಲ್ಲ, ಲೆಕ್ಕಕ್ಕೆ. ಐವತ್ತು ಹುಳುವಿಗೆ ಇಪ್ಪತ್ತನಾಲ್ಕು ಡಾಲರ್ ಅಂದಿದ್ದಳು ಮಗಳು. ಅಲ್ಲಿಗೆ ಒಂದಕ್ಕೆ ಹತ್ತಿರ ಹತ್ತಿರ ಅರ್ಧ ಡಾಲರ್. ನಮ್ಮಲ್ಲಿ ನೂರು ಮೊಟ್ಟೆ ಎಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ. ನಲವತ್ತು ಸಾವಿರ ಹುಳುವಿಗೆ ಮೋಸವಿಲ್ಲ. ಇಪ್ಪತ್ತು ಸಾವಿರ ಡಾಲರ್! ನಮ್ಮಪ್ಪ ಜೀವಮಾನವಿಡೀ ನೂರು ಮೊಟ್ಟೆ ಮೇಯಿಸಿ, ಟನ್ನುಗಟ್ಟಲೆ ಸೊಪ್ಪು ಹೊತ್ತು, ಗೂಡಿನ ರೇಟು ಬಿದ್ದಾಗಲೆಲ್ಲ ತಲೆಯ ಮೇಲೆ ಟವೆಲ್ ಹಾಕಿಕೊಂಡು ಮಾರುಕಟ್ಟೆಯಿಂದ ಬಂದವನು. ಗಿರಾಕಿ ಯಾರು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಇನ್ನೊಂದು ಕೊರಗು ಶುರುವಾಯಿತು. ಹಿಪ್ಪುನೇರಳೆ ಎಲೆಯ ಪುಡಿ ಕಲಸಿ ಬೇಯಿಸಿದ ಆ ಗೊಜ್ಜು ನೋಡಿದರೆ ಹಾಸ್ಟೆಲ್ ಊಟದ ನೆನಪು. ಮನೆಯಲ್ಲಿ ನಾನಿದ್ದೂ ಹುಳು ಗೊಜ್ಜು ತಿನ್ನುವುದೇ? ಸೊಪ್ಪು ಹುಡುಕಿಕೊಂಡು ಹೊರಟೆ. ಮೂರನೇ ದಿನ, ಅಂಗಡಿ ಸಾಲಿನ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ನೆಲವೆಲ್ಲ ನೇರಳೆ ಕಲೆ ಕಂಡು ತಲೆಯೆತ್ತಿದರೆ, ನಮ್ಮದೇ ಮರ. ಒಂದೇ ಕೊಂಬೆಯಲ್ಲಿ ಒಂದೆಲೆ ಸೀಳು, ಒಂದೆಲೆ ಇಡಿ. ನಮ್ಮ ತೋಟದಲ್ಲಿ ಆಳೆತ್ತರಕ್ಕೆ ಕತ್ತರಿಸುವ ಗಿಡ ಇಲ್ಲಿ ಎರಡಂತಸ್ತು ಬೆಳೆದಿತ್ತು.

ಅದು ಅಲ್ಲಿಗೆ ಬಂದ ಕಥೆಯನ್ನು ಅಳಿಯಂದಿರು ಹುಡುಕಿ ಹೇಳಿದರು. 1830ರ ದಶಕದಲ್ಲಿ ಅಮೆರಿಕದವರಿಗೂ ರೇಷ್ಮೆಯ ಹುಚ್ಚು ಹಿಡಿದಿತ್ತಂತೆ. ಹುಳು ಸಾಕುವುದಕ್ಕಿಂತ ಹಿಪ್ಪುನೇರಳೆ ಸಸಿ ಕೊಂಡು ಮಾರುವುದರಲ್ಲೇ ದುಡ್ಡು ಅಂತ ಜನ ಮುಗಿಬಿದ್ದು, ದರ ಏರಿ ಏರಿ, 1839ರಲ್ಲಿ ಒಂದೇ ಸಲ ಕುಸಿದು, ಸಸಿ ಕೇಳುವವರಿಲ್ಲದ ಹಾಗಾಯಿತು. ಸೈಟಿನ ವ್ಯಾಪಾರ ಕಂಡಿರುವ ನಮ್ಮ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೂ ಒಂದು ವಿಷಯ: ಮಗಳ ಮನೆಗೆ ಅರ್ಧ ಗಂಟೆ ದಾರಿಯ ಪ್ಯಾಟರ್‌ಸನ್ ಎಂಬ ಊರಿಗೆ ಸಿಲ್ಕ್ ಸಿಟಿ ಅಂತಲೇ ಹೆಸರು. 1913ರಲ್ಲಿ ಎಂಟು ಗಂಟೆ ಕೆಲಸ ಕೇಳಿ ಅಲ್ಲಿನ ರೇಷ್ಮೆ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರು. ಶಿಡ್ಲಘಟ್ಟ ಬಿಟ್ಟು ಶಿಡ್ಲಘಟ್ಟಕ್ಕೇ ಬಂದಿದ್ದೆ ನಾನು.

ಗೊಜ್ಜು ತಿಂದು ಬೆಳೆದ ಹುಳು ಎಲೆ ಮುಟ್ಟುತ್ತದೋ ಇಲ್ಲವೋ ಅಂತ ಅನುಮಾನವಿತ್ತು. ಎಲೆ ಹಾಕಿದೆ. ತಲೆ ಆಡಿಸಿದವು, ಮೂಸಿದವು, ಅಂಚು ಹಿಡಿದು ಶುರುಮಾಡಿದವು. ನಾಲ್ಕನೇ ಜ್ವರ ಎದ್ದ ಮೇಲಂತೂ ಕಿವಿ ಹತ್ತಿರ ಇಟ್ಟರೆ ಸೋನೆಮಳೆಯ ಸದ್ದು. ಅಷ್ಟರಲ್ಲಿ ಮಹಡಿಯ ಕೋಣೆ ಹುಳು ಮನೆಯಾಗಿತ್ತು. ಒದ್ದೆ ಎಲೆ ಹಾಕಬಾರದೆಂದು ಒಂದೊಂದನ್ನೂ ಒರೆಸಿದೆ. ಇರುವೆ ಹತ್ತದಿರಲೆಂದು ಮೇಜಿನ ನಾಲ್ಕು ಕಾಲಿಗೂ ಮೊಮ್ಮಗ ಬೆಳಗ್ಗೆ ತಿಂಡಿ ತಿನ್ನುವ ಬಟ್ಟಲುಗಳಲ್ಲಿ ನೀರಿಟ್ಟೆ. ಅಳಿಯಂದಿರು ಸೆಂಟು ಹಾಕಿಕೊಂಡು ಮಹಡಿ ಹತ್ತುವಂತಿಲ್ಲ, ಮೆಣಸಿನಕಾಯಿ ಒಗ್ಗರಣೆಗೆ ಬಾಗಿಲು ಹಾಕಲೇಬೇಕು, ಕೈಕಾಲು ತೊಳೆಯದೆ ಯಾರೂ ಒಳಗೆ ಬರಕೂಡದು.

ಈ ಸೇವೆಯಲ್ಲಿ ಮೂಲ ಉದ್ದೇಶ ಮರೆತಿತ್ತು. ಮೊಮ್ಮಗ ದಿನಬಿಟ್ಟು ದಿನ ಇಕ್ಕಳ ಹಿಡಿದು ಬರುತ್ತಿದ್ದ. ನಾನು ಗುಂಪಿನಲ್ಲಿ ಸಣಕಲನ್ನು ಹುಡುಕಿ ಕೊಡುತ್ತಿದ್ದೆ. ಆಮೇಲೆ ಸುಳ್ಳು ಲೆಕ್ಕ ಶುರುಮಾಡಿದೆ. ಮೂವತ್ತೆಂಟಿದ್ದರೆ ಮೂವತ್ತೊಂದು ಅಂದೆ. ಏಳನ್ನು ಎಲೆಯಡಿಯಲ್ಲಿ ಬಚ್ಚಿಟ್ಟೆ. ಒಂದು ದಿನ ‘ಪಾಪ, ಸಾಕಿದ ಹುಳಾನ ಬಾಯಿಗೆ ಹಾಕೋದು ಯಾವ ಧರ್ಮ’ ಅಂತ ನಿಟ್ಟುಸಿರಿಟ್ಟದ್ದು ನನ್ನಾಕೆಯ ಕಿವಿಗೆ ಬಿತ್ತು.

‘ಏನ್ರೀ, ನಿಮ್ಮಪ್ಪ ರೀಲರಿಗೆ ಮಾರ್ತಿದ್ದ ಗೂಡಲ್ಲಿ ಏನಿರ್ತಿತ್ತು? ಚಿಂತಾಮಣಿ ಕಡಲೆಬೀಜಾನಾ?’

ಬಿಸಿನೀರಿನ ಬಾಣಲೆಯಲ್ಲಿ ಗೂಡು ಕುಣಿಯುವುದನ್ನು, ನೂಲು ಬಿಚ್ಚಿದ ಮೇಲೆ ಬೆಂದ ಹುಳುವನ್ನು ಮೀನಿನ ಮೇವಿಗೆಂದು ಚೀಲಕ್ಕೆ ತುಂಬುವುದನ್ನು, ಆ ವಾಸನೆ ಊರಿಗೆ ಊರೇ ಹರಡುವುದನ್ನು ನಾನು ಹುಟ್ಟಿದಾಗಿನಿಂದ ಕಂಡವನು. ಅದು ವಾಸನೆ ಅಂತ ನನಗೆ ಗೊತ್ತಾದದ್ದೇ ಚಿಂತಾಮಣಿಗೆ ಓದಲು ಹೋದ ಮೇಲೆ. ಅವಳು ಸೂಟ್‌ಕೇಸ್ ತೆರೆದು, ನಾನೇ ಕೊಡಿಸಿದ ಮೈಸೂರು ರೇಷ್ಮೆ ಸೀರೆ ಎತ್ತಿ ತೋರಿಸಿ, ‘ಉಪ್ಪಿನಕಾಯಿ ಒಂದೊಂದನ್ನೂ ಎರಡೂ ಕಣ್ಣಿಟ್ಟು ನೋಡಿಯಾದರೂ ತಿನ್ನುತ್ತೆ’ ಅಂದಳು. ನಾನು ಸುಮ್ಮನೆ ಸೊಪ್ಪು ಒರೆಸುತ್ತ ಕೂತೆ.

ಬಚ್ಚಿಟ್ಟ ಏಳೂ ಹಣ್ಣಾದವು. ಮೊಟ್ಟೆಯ ರಟ್ಟಿನ ಟ್ರೇಯೇ ಚಂದ್ರಿಕೆ. ಬೆಳ್ಳನೆಯ ಏಳು ಗೂಡು. ಕುದಿಸಲು ಮೊಮ್ಮಗ ಬಿಡಲಿಲ್ಲ. ಎರಡು ವಾರದೊಳಗೆ ಚಿಟ್ಟೆಗಳು ಬಂದವು; ರೆಕ್ಕೆಯಿದ್ದೂ ಹಾರಲಾರದ ಚಿಟ್ಟೆಗಳು, ಮನುಷ್ಯರ ಜೊತೆ ಸಾವಿರಾರು ವರ್ಷ ಇದ್ದದ್ದಕ್ಕೆ ಸಿಕ್ಕ ಬಹುಮಾನ. ಎರಡನ್ನು ಉಪ್ಪಿನಕಾಯಿಯೇ ತಿಂದಿತು. ಉಳಿದವುಗಳಲ್ಲಿ ಮೂರು ಹೆಣ್ಣು, ಕೆಳಗೆ ಹಾಸಿದ ಕಾಗದದ ಮೇಲೆ ಒಂದೊಂದೂ ನಾನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟವು.

ಆ ಕಾಗದ ಈಗ ಮಗಳ ಫ್ರಿಜ್ಜಿನಲ್ಲಿ, ನಿಜವಾದ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ, ಚಳಿಗಾಲ ಕಳೆಯುತ್ತಿದೆ. ಮೇ ತಿಂಗಳಲ್ಲಿ ಹೊರಗೆ ತೆಗೆದರೆ ಸಾವಿರಕ್ಕೂ ಮೀರಿ ಹುಳು ಏಳುತ್ತವೆ. ಈ ಮಧ್ಯೆ ಕಾರುಗಳ ಮೇಲೆ ಹಣ್ಣು ಬಿದ್ದು ಕಲೆಯಾಗುತ್ತದೆ ಅಂತ ಆ ಮರವನ್ನು ಕಡಿಸಿಬಿಟ್ಟರಂತೆ. ಆದ್ದರಿಂದ ನ್ಯೂಜೆರ್ಸಿಯಲ್ಲಿರುವ ಕನ್ನಡಿಗರಲ್ಲಿ ಒಂದು ವಿನಂತಿ: ನಿಮ್ಮ ಬೀದಿಯಲ್ಲೆಲ್ಲಾದರೂ ಹಿಪ್ಪುನೇರಳೆ ಮರ ಕಂಡರೆ ದಯವಿಟ್ಟು ಗುರುತು ಮಾಡಿಟ್ಟುಕೊಳ್ಳಿ. ಎಷ್ಟು ದೂರವಾದರೂ ಅಳಿಯಂದಿರು ಬಂದು ಸೊಪ್ಪು ಕೊಯ್ದುಕೊಂಡು ಹೋಗುತ್ತಾರೆ. ಔಷಧಿ ಹೊಡೆದಿರಬಾರದು, ಅಷ್ಟೇ.